ಅರ್ಜಿಯ ಒಂಬತ್ತನೇ ಕಾಲಂ

ಮುದ್ದೇಬಿಹಾಳ
11 ಜೂನ್ 2023

ಅಯ್ಯನವರಿಗೆ,

ವಿಜಯಶ್ರೀಯ ವಂದನೆಗಳು. ನೀವು ಇಂಡಿ ಊರಿನ ಸಭೆಯ ಪಾದ್ರಿ ಕೆಲಸದಿಂದ ನಿವೃತ್ತರಾಗಿ ಸಿಂದಗಿಯ ಮನೆ ಸೇರಿದ ಮೇಲೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಫೋನ್ ಮಾಡೋಣವೆಂದರೆ ಗಂಟಲಿನ ಆಪರೇಶನ್ ಆದ ಮೇಲೆ ನಿಮಗೆ ಮಾತು ಬರುವುದಿಲ್ಲ. ಮೆಸೇಜು ಕಳಿಸೋಣವೆಂದರೆ ಆ ಫೋನು ನಿಮ್ಮ ಸೊಸೆ ಸೌಂದರ್ಯಾಳ ಕೈಯಲ್ಲಿರುತ್ತದಂತೆ. ಇದು ನಿಮ್ಮೊಬ್ಬರಿಗೇ ಹೇಳುವ ಮಾತು. ಅದಕ್ಕೆ ಕಾಗದ ಹಿಡಿದೆ.

ಈಗಲೂ ಅತಿಥಿ ಶಿಕ್ಷಕಿಯಾಗಿಯೇ ಇದ್ದೇನೆ. ಹದಿನಾರು ವರ್ಷವಾಯಿತು. ಪ್ರತಿ ಜೂನಿಗೆ ಬಾ ಎನ್ನುತ್ತಾರೆ, ಪ್ರತಿ ಮಾರ್ಚಿಗೆ ಹೋಗು ಎನ್ನುತ್ತಾರೆ. ಹದಿನಾರು ವರ್ಷದ ಅತಿಥಿಯನ್ನು ಯಾವ ಮನೆಯವರೂ ಇಟ್ಟುಕೊಳ್ಳುವುದಿಲ್ಲ, ಸರಕಾರ ಇಟ್ಟುಕೊಂಡಿದೆ. ಈಗ ಕಾಯಂ ಶಿಕ್ಷಕರ ನೇಮಕಾತಿ ನಡೆದಿದೆ. ನನಗೆ ನಲವತ್ತೆರಡು. ಇಂಥ ನೇಮಕಾತಿ ಮತ್ತೆ ಬರುವಷ್ಟರಲ್ಲಿ ವಯಸ್ಸು ಮೀರಿರುತ್ತದೆ.

ಅರ್ಜಿಯ ಒಂಬತ್ತನೇ ಕಾಲಂ ಧರ್ಮದ್ದು. ನನ್ನ ಸಾಲಿ ದಾಖಲೆಯಲ್ಲಿ ಹಿಂದೂ ಎಂದಿದೆ, ಪರಿಶಿಷ್ಟ ಜಾತಿಯ ಸರ್ಟಿಫಿಕೇಟೂ ಇದೆ. ಹಾಗೆಯೇ ಬರೆದರೆ ಕೆಲಸ ಸಿಗುವ ಸಂಭವ ಬಹಳ. ಕ್ರೈಸ್ತಳು ಎಂದು ಬರೆದರೆ ಆ ಮೀಸಲಾತಿ ನನಗಿಲ್ಲ. ನಾನು ಬೇರೆ ಪಟ್ಟಿಗೆ ಹೋಗುತ್ತೇನೆ, ಅಲ್ಲಿ ನನ್ನ ಅಂಕ ಸಾಲುವುದಿಲ್ಲ.

ಹದಿನೆಂಟು ವರ್ಷದ ಹಿಂದೆ ಅಗರಖೇಡದ ಭೀಮಾ ನದಿಯಲ್ಲಿ ನನಗೂ ಅವ್ವನಿಗೂ ದೀಕ್ಷಾಸ್ನಾನ ಕೊಟ್ಟವರು ನೀವು. ನಾನು ಅರ್ಜಿ ಹಾಕಲೇ, ಬಿಡಲೇ ಎಂದು ಯೋಚಿಸುತ್ತಿದ್ದೇನೆ. ನಿಮ್ಮನ್ನಲ್ಲದೆ ಯಾರನ್ನು ಕೇಳಲಿ?

ನಿಮ್ಮ
ವಿಜಯಶ್ರೀ


ಸಿಂದಗಿ
20 ಜೂನ್ 2023

ಪ್ರಿಯ ಮಗಳು ವಿಜಯಶ್ರೀಗೆ,

ಕರ್ತನ ಸಮಾಧಾನ ನಿನ್ನೊಂದಿಗಿರಲಿ. ನಿನ್ನ ಪತ್ರ ಓದಿ ಸಂತೋಷವೂ ಆಯಿತು, ಭಯವೂ ಆಯಿತು.

ಧ್ವನಿಪೆಟ್ಟಿಗೆ ತೆಗೆದು ಹದಿನಾಲ್ಕು ತಿಂಗಳಾದವು. ಕೊರಳಿನಲ್ಲಿ ಒಂದು ತೂತು ಇದೆ, ಉಸಿರು ಅಲ್ಲಿಂದ. ನಲವತ್ತು ವರ್ಷ ಪ್ರಸಂಗ ಹೇಳಿದವನ ಕೈಗೆ ಈಗ ಪಾಟಿ ಮತ್ತು ಬಳಪ ಬಂದಿವೆ. ಒಂದು ಲೋಟ ನೀರು ಬೇಕೆಂದರೂ ಬರೆದು ತೋರಿಸಬೇಕು. ಇರಲಿ.

ನೀನು ಕೇಳಿದ್ದಕ್ಕೆ ಉತ್ತರ ನಿನಗೇ ಗೊತ್ತಿದೆ. ಗೊತ್ತಿರುವುದರಿಂದಲೇ ಕೇಳಿದ್ದೀ. ಶೋಧನೆ ಎಂಬ ಆಮಿಷ ಯಾವತ್ತೂ ಕೊಂಬು ಬಾಲ ಹಚ್ಚಿಕೊಂಡು ಬರುವುದಿಲ್ಲ, ಹಸಿದವರ ಮುಂದೆ ಅನ್ನವಾಗಿಯೇ ಬರುತ್ತದೆ. ಕರ್ತನು ನಲವತ್ತು ದಿನ ಮರುಭೂಮಿಯಲ್ಲಿ ಹಸಿದಿದ್ದಾಗ ಅವನ ಮುಂದೆ ಸೈತಾನ ತಂದದ್ದೂ ರೊಟ್ಟಿಯ ಮಾತೇ. ಅವನು ತಂದೆಯನ್ನು ನಂಬಿ ತಡೆದುಕೊಂಡ. ನಾವೂ ತಡೆದುಕೊಳ್ಳಬೇಕು.

ಇನ್ನೂ ಅರ್ಜಿ ಹಾಕಿಲ್ಲವೆಂದ ಮೇಲೆ ನಿನ್ನ ದಾರಿ ಸುಲಭವಿದೆ. ಇದ್ದದ್ದನ್ನು ಇದ್ದ ಹಾಗೆ ಬರೆ. ಕೆಲಸ ಕೊಡುವವನು ಸರಕಾರವಲ್ಲ, ದೇವರು. ಅವನು ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತಾನೆ.

ಮಗ ಮುತ್ತುರಾಜ ಆಲಮಟ್ಟಿಯ ಕಡೆ ಕೆಲಸದಲ್ಲಿ ಚೆನ್ನಾಗಿದ್ದಾನೆ, ಶನಿವಾರ ಬಂದು ಹೋಗುತ್ತಾನೆ. ನಿನ್ನ ಅವ್ವ ಸೀತವ್ವನಿಗೆ ನನ್ನ ಆಶೀರ್ವಾದ ತಿಳಿಸು.

ಗುರುನಾಥ


ಮುದ್ದೇಬಿಹಾಳ
9 ಜುಲೈ 2023

ಅಯ್ಯನವರಿಗೆ,

ನಿಮ್ಮ ಪತ್ರ ಮೂರು ಸಲ ಓದಿದೆ. ಮೂರನೇ ಸಲ ಸಿಟ್ಟು ಬಂತು. ಕ್ಷಮಿಸಿ, ಮುಚ್ಚಿಟ್ಟುಕೊಂಡು ಬರೆಯಲು ಇವತ್ತು ಆಗುವುದಿಲ್ಲ.

ಕರ್ತನಿಗೆ ನಲವತ್ತು ದಿನವಾದ ಮೇಲೆ ದೇವದೂತರು ಬಂದು ಸೇವೆ ಮಾಡಿದರು. ಅವನಿಗೆ ವಯೋಮಿತಿಯೂ ಇರಲಿಲ್ಲ. ನಾನು ಹದಿನಾರು ವರ್ಷ ಕಾದಿದ್ದೇನೆ. ನೀವು ಹೇಳುವ ಆ ಇನ್ನೊಂದು ಬಾಗಿಲು ಯಾವ ಊರಲ್ಲಿದೆ, ಯಾವ ಬಸ್ಸು ಹಿಡಿದರೆ ಸಿಗುತ್ತದೆ?

ದೀಕ್ಷಾಸ್ನಾನದ ನೀರು ನನ್ನ ಪಾಪ ತೊಳೆಯಿತು ಎಂದಿರಿ, ನಂಬಿದೆ. ಆದರೆ ಊರವರ ಕಣ್ಣಿನಿಂದ ನನ್ನ ಜಾತಿಯನ್ನು ಅದು ತೊಳೆಯಲಿಲ್ಲ. ಮುದ್ದೇಬಿಹಾಳದಲ್ಲಿ ಬಾಡಿಗೆ ಕೋಣೆ ಕೇಳಲು ಹೋದಾಗ ಏಳು ಮನೆಯವರು ಊರು, ಓಣಿ, ಅಡ್ಡಹೆಸರು ಕೇಳಿ ತಿಳಿದುಕೊಂಡು "ಕೊಟ್ಟ ಆಗೇತ್ರಿ" ಎಂದರು. ಕಡೆಗೆ ಕೊಟ್ಟವರು ಮೆಹರಾಜಮ್ಮ. ನಾನು ಕ್ರೈಸ್ತಳು ಎಂದು ಆ ಏಳು ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮನೆ ಕೊಡುವಾಗ ನಾನು ಹಳೆಯ ಜಾತಿಯವಳು, ಕೆಲಸ ಕೊಡುವಾಗ ಮಾತ್ರ ಕ್ರೈಸ್ತಳು. ಇದು ಯಾವ ನ್ಯಾಯ? ದೇವರ ಕಡೆ ಇದಕ್ಕೆ ಉತ್ತರವಿದ್ದರೆ ನನಗೆ ಇನ್ನೂ ಕೇಳಿಸಿಲ್ಲ.

ಇನ್ನೊಂದು ಮಾತು. ನಾನು ನಿಮಗೆ ಪೂರ್ತಿ ನಿಜ ಬರೆದಿರಲಿಲ್ಲ. ಅರ್ಜಿ ಹಾಕಿ ಎಂಟು ತಿಂಗಳಾಗಿದೆ. ಒಂಬತ್ತನೇ ಕಾಲಂನಲ್ಲಿ ಹಿಂದೂ ಎಂದೇ ಬರೆದಿದ್ದೇನೆ. ಪರೀಕ್ಷೆಯೂ ಮುಗಿದು ಪರಿಶಿಷ್ಟ ಜಾತಿಯ ತಾತ್ಕಾಲಿಕ ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ. ಆಗಸ್ಟ್ ಮೂರಕ್ಕೆ ವಿಜಯಪುರದಲ್ಲಿ ಮೂಲ ಕಾಗದಗಳ ಪರಿಶೀಲನೆ. ಅಲ್ಲಿ "ಈ ಮೇಲಿನ ವಿವರಗಳೆಲ್ಲ ಸತ್ಯ" ಎಂದು ಬರೆದಿರುವುದರ ಕೆಳಗೆ ಸಹಿ ಹಾಕಿದರೆ ಮುಗಿಯಿತು.

ಹೋದ ವಾರ ಇಂಡಿಗೆ ಹೋಗಿ ಅವ್ವನಿಗೆ ಎಲ್ಲಾ ಹೇಳಿದೆ. ಅವಳು ನಿಂಬೆಹಣ್ಣಿನ ಅಡತಿ ಅಂಗಡಿಯಿಂದ ಆಗತಾನೇ ಬಂದು ಕೈ ತೊಳೆಯುತ್ತಿದ್ದಳು. ಹಣ್ಣು ಆರಿಸಿ ಆರಿಸಿ ಅವಳ ಬೆರಳ ಸಂದಿಯೆಲ್ಲ ಸೀಳಿದೆ.

"ದೇವರಿಗೆ ಗೊತ್ತೈತಿಲ್ಲ ನಾವು ಯಾರಂತ?" ಎಂದಳು.

"ಗೊತ್ತೈತಿ."

"ಮತ್ತ ಸರಕಾರಕ್ಕ ಯಾಕ ಹೇಳಬೇಕು? ಸರಕಾರ ಏನ್ ದೇವರೇನು?"

ಇದಕ್ಕೆ ನಿಮಗೆ ಉತ್ತರ ಹೊಳೆದರೆ ಬರೆಯಿರಿ. ಆದರೆ ಪ್ರಸಂಗ ಬೇಡ.

ವಿಜಯಶ್ರೀ


ಸಿಂದಗಿ
15 ಜುಲೈ 2023

ವಿಜಯಶ್ರೀಗೆ,

ಪತ್ರ ತಲುಪಿತು. ನೀನು ನನ್ನಿಂದ ಮುಚ್ಚಿಟ್ಟಿದ್ದಕ್ಕೆ ನೋವಾಯಿತು. ಹಾಗೆಂದು ನಿನ್ನ ಮೇಲೆ ಕೋಪವಿಲ್ಲ.

ಈ ವಿಷಯದಲ್ಲಿ ನಾನು ಹೆಚ್ಚು ಹೇಳಲಾರೆ. ಪ್ರಾರ್ಥಿಸು. ದೇವರಿಗೆ ಬಿಡು. ಪ್ರತಿಯೊಬ್ಬರ ಪರಿಸ್ಥಿತಿ ಅವರವರಿಗೇ ಗೊತ್ತು. ಹಿಂದಿನ ಪತ್ರದಲ್ಲಿ ನಾನು ಗಟ್ಟಿಯಾಗಿ ಬರೆದಿದ್ದೆನೇನೋ.

ಇಂಥ ಮಾತುಗಳನ್ನು ಇನ್ನು ಮೇಲೆ ಪತ್ರದಲ್ಲಿ ಬರೆಯದಿದ್ದರೆ ಒಳ್ಳೆಯದು. ಟಪಾಲು ಒಮ್ಮೊಮ್ಮೆ ಸೌಂದರ್ಯಾ ಒಡೆಯುತ್ತಾಳೆ.

ಗುರುನಾಥ


ಮುದ್ದೇಬಿಹಾಳ
23 ಜುಲೈ 2023

ಅಯ್ಯನವರಿಗೆ,

ನಿಮ್ಮ ಹತ್ತು ಸಾಲಿನ ಪತ್ರ ಓದಿ, ಆರೋಗ್ಯ ಕೆಟ್ಟಿರಬೇಕು, ಪಾಪ, ಬರೆಯಲು ಆಗಿಲ್ಲ ಎಂದುಕೊಂಡಿದ್ದೆ. ನಿಮಗಾಗಿ ಪ್ರಾರ್ಥನೆಯನ್ನೂ ಮಾಡಿದೆ. ಈಗ ನಾಚಿಕೆಯಾಗುತ್ತಿದೆ. ನನ್ನ ಬಗ್ಗೆಯೋ ನಿಮ್ಮ ಬಗ್ಗೆಯೋ ತಿಳಿಯದು.

ಶುಕ್ರವಾರ ಒಂದು ತರಬೇತಿಗೆ ಬಸವನ ಬಾಗೇವಾಡಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಮುತ್ತುರಾಜ ಸಿಕ್ಕ. ಆಲಮಟ್ಟಿಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದ. ದೀಕ್ಷಾಸ್ನಾನದ ದಿನ ನಾವಿಬ್ಬರೂ ಒಂದೇ ಸಾಲಿನಲ್ಲಿ ನೀರಿಗಿಳಿದವರು. ಅವನಿಗೆ ಆಗ ಹದಿನೇಳು, ಚಳಿಗೆ ಹಲ್ಲು ಕಡಿಯುತ್ತಿದ್ದ. ಹಳೆಯ ಸಲಿಗೆಯಿಂದ ನನ್ನ ಪರಿಶೀಲನೆಯ ವಿಷಯ ಹೇಳಿದೆ. ಅವನು ಎರಡೂ ಕಡೆ ನೋಡಿದ. ಆಮೇಲೆ ದನಿ ಇಳಿಸಿ ಅಂದ:

"ಅಕ್ಕಾ, ಇದಕ್ಯಾಕ ಇಷ್ಟು ತಲಿ ಕೆಡಿಸ್ಕೊಂಡಿ? ನಾನೂ ಹಂಗ ಬರದೇನಿ. ಹನ್ನೊಂದು ವರ್ಷ ಆತು, ಯಾರೂ ಕೇಳಿಲ್ಲ."

"ಅಯ್ಯನವರಿಗೆ ಗೊತ್ತೈತೇನು?"

"ಅಪ್ಪಾನ ಹೇಳ್ಯಾನಲ್ಲ. ಜಾತಿ ಚೌಕಶಿ ಮಾಡಾಕ ಮನಿಗೆ ಬಂದ ಸಾಹೇಬ್ರ ಮುಂದ."

ಅಷ್ಟರಲ್ಲಿ ಅವನ ಆಫೀಸಿನವರೊಬ್ಬರು ಹತ್ತಿರ ಬಂದರು. ಮುತ್ತುರಾಜ ಮಾತು ಬದಲಿಸಿ ಮಳೆಯ ಬಗ್ಗೆ, ಡ್ಯಾಮಿನ ನೀರಿನ ಬಗ್ಗೆ ಹೇಳತೊಡಗಿದ. ಬಸ್ಸು ಬಂತು, ಹತ್ತಿದ.

ಅಯ್ಯನವರೇ, ಇದು ನಿಜವೇ? ಹೌದು ಅಥವಾ ಇಲ್ಲ, ಅಷ್ಟು ಬರೆಯಿರಿ. ನಿಜವಾದರೆ ನನಗೆ ಮರುಭೂಮಿಯ ಪ್ರಸಂಗ ಹೇಳಿದ ಆ ಕೈ ಯಾರದು? ನಿಮ್ಮ ಮಗನಿಗೆ ರೊಟ್ಟಿ, ನನಗೆ ಮಾತ್ರ ಉಪವಾಸವೇ?

ಟಪಾಲು ಸೌಂದರ್ಯಾ ಒಡೆಯಲಿ. ಓದಲಿ.

ವಿಜಯಶ್ರೀ


ಮುದ್ದೇಬಿಹಾಳ
2 ಆಗಸ್ಟ್ 2023

ಅಯ್ಯನವರಿಗೆ,

ಉತ್ತರ ಬರಲಿಲ್ಲ. ಹತ್ತು ದಿನ ಸಾಲಿಯಿಂದ ಬರುವಾಗ ದಿನವೂ ಪೋಸ್ಟಾಫೀಸಿಗೆ ಹೋಗಿ ಕೇಳಿದೆ. ಅಂಚೆಯವನು ನನ್ನನ್ನು ದೂರದಿಂದ ನೋಡಿಯೇ ಕೈ ಆಡಿಸುತ್ತಾನೆ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ವಿಜಯಪುರಕ್ಕೆ ಹೋಗುತ್ತೇನೆ. ಫೈಲು ಸಿದ್ಧವಿದೆ. ಏನು ಮಾಡುತ್ತೇನೆ ಎಂದು ಕೇಳಬೇಡಿ, ನನಗೇ ಗೊತ್ತಿಲ್ಲ. ಪ್ರಾರ್ಥನೆಗೆ ಕೂತರೆ ಗೋಡೆಗೆ ಮಾತಾಡಿದ ಹಾಗಾಗುತ್ತದೆ. ನೀವು ಪಾಟಿಯ ಮೇಲಾದರೂ ಬರೆಯುತ್ತೀರಿ. ದೇವರು ಅದನ್ನೂ ಮಾಡುವುದಿಲ್ಲ.

ವಿಜಯಶ್ರೀ


ಸಿಂದಗಿ
4 ಆಗಸ್ಟ್ 2023

ಮಗಳೇ,

ಇದು ನಿನ್ನ ಕೈ ಸೇರುವಷ್ಟರಲ್ಲಿ ಪರಿಶೀಲನೆ ಮುಗಿದಿರುತ್ತದೆ. ಬೇಕೆಂದೇ ತಡ ಮಾಡಿದೆನೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಹೌದು, ಬೇಕೆಂದೇ. ಮೊದಲೇ ಬರೆದಿದ್ದರೆ ನೀನು ನನ್ನ ಉತ್ತರ ಹಿಡಿದುಕೊಂಡು ನಿರ್ಧಾರ ಮಾಡುತ್ತಿದ್ದೆ. ಆ ಭಾರ ಹೊರುವ ಧೈರ್ಯ ನನಗಿರಲಿಲ್ಲ.

ಹೌದು, ನಿಜ.

2012ರ ಮಾತು. ಮುತ್ತುರಾಜ ನಾಲ್ಕು ವರ್ಷ ಕೆಲಸವಿಲ್ಲದೆ ಮನೆಯಲ್ಲಿದ್ದ. ಒಂದು ಸಲ ಯಾರಿಗೂ ಹೇಳದೆ ಮೂರು ದಿನ ಎಲ್ಲಿಗೋ ಹೋದ. ಅವನ ತಾಯಿ ಆಗ ಬದುಕಿದ್ದಳು. ಮಗ ಕಾಲುವೆಗೆ ಬಿದ್ದಿದ್ದಾನೆ ಎಂದೇ ತಿಳಿದು ಊಟ ಬಿಟ್ಟಳು. ಅವನು ತಿರುಗಿ ಬಂದ ಮೇಲೆ ಕೆಲಸದ ಪಟ್ಟಿಯಲ್ಲಿ ಹೆಸರು ಬಂತು. ಜಾತಿಯ ಚೌಕಶಿಗೆ ಒಬ್ಬರು ಮನೆಗೆ ಬಂದರು, ಒಳ್ಳೆಯ ಮನುಷ್ಯ. ಪಡಸಾಲೆಯಲ್ಲಿ ಕೂತು ಚಹಾ ಕುಡಿದು ಕೇಳಿದರು: "ನೀವು ಪಾದ್ರಿ ಇದ್ದೀರಿ, ಅದು ನಿಮ್ಮದು. ಮಗನಿಗೆ ದೀಕ್ಷಾ ಆಗೈತೇನ್ರಿ?"

ಹೆಂಡತಿ ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು "ಇಲ್ಲ" ಎಂದೆ.

ಅಷ್ಟೇ. ಒಂದು ಶಬ್ದ. ಅವರು ಬರೆದುಕೊಂಡು ಹೋದರು. ಆ ಶಬ್ದ ಹೇಳಿದ ಗಂಟಲನ್ನೇ ದೇವರು ತೆಗೆದುಕೊಂಡ ಎಂದು ನೀನು ಅಂದುಕೊಳ್ಳಬಹುದು. ನಾನು ಹಾಗೆ ನಂಬುವುದಿಲ್ಲ. ನಂಬಿದರೆ ಶಿಕ್ಷೆ ಮುಗಿಯಿತೆಂದು ಹಗುರಾಗಿಬಿಡುತ್ತೇನೆ. ಅದು ಅಷ್ಟು ಸುಲಭವಿಲ್ಲ.

ಇನ್ನೂ ಇದೆ. ಮರುದಿನ ನನಗೆ ಹೆದರಿಕೆ ಹುಟ್ಟಿತು. ಸಭೆಯ ದೀಕ್ಷಾಸ್ನಾನದ ರಿಜಿಸ್ಟರು ತೆಗೆದು, ಮುತ್ತುರಾಜನ ಹೆಸರಿದ್ದ ಹಾಳೆಯನ್ನು ಬ್ಲೇಡಿನಿಂದ ಕೊಯ್ದು ಒಲೆಗೆ ಹಾಕಿದೆ. ಅದೇ ಹಾಳೆಯಲ್ಲಿ ಇನ್ನೂ ಹದಿಮೂರು ಹೆಸರುಗಳಿದ್ದವು. ನಿನ್ನದಿತ್ತು. ಸೀತವ್ವನದಿತ್ತು.

ಹಾಗಾಗಿ, ವಿಜಯಶ್ರೀ, ನೀನು ಕ್ರೈಸ್ತಳೆಂದು ತೋರಿಸುವ ಒಂದು ತುಂಡು ಕಾಗದವೂ ಎಲ್ಲಿಯೂ ಇಲ್ಲ. ನೀನು ಸಹಿ ಹಾಕಿದರೆ ಯಾವ ಚೌಕಶಿಯೂ ನಿನ್ನನ್ನು ಹಿಡಿಯಲಾರದು. ಇದನ್ನು ಜೂನಿನಲ್ಲೇ ಹೇಳಬೇಕಿತ್ತು. ಹೇಳದೆ ಪ್ರಸಂಗ ಬರೆದೆ. ನನ್ನಿಂದಾಗದ್ದನ್ನು ನಿನ್ನಿಂದಾದರೂ ಮಾಡಿಸಬೇಕೆಂಬ ಆಸೆಯೋ ಏನೋ.

ನೀನು ಸಹಿ ಹಾಕಿ ಬಂದಿದ್ದರೆ ನನ್ನಿಂದ ನಿನಗೆ ಒಂದು ಮಾತೂ ಇಲ್ಲ. ಹಾಕದೆ ಬಂದಿದ್ದರೆ ನಿನ್ನ ಮುಖ ನೋಡುವ ಯೋಗ್ಯತೆ ನನಗಿಲ್ಲ.

ಗುರುನಾಥ


ಮುದ್ದೇಬಿಹಾಳ
13 ಆಗಸ್ಟ್ 2023

ಅಯ್ಯನವರಿಗೆ,

ನಿಮ್ಮ ಪತ್ರ ಬಂದದ್ದು ಎಂಟಕ್ಕೆ. ಐದು ದಿನ ಅದನ್ನು ಪಾಠದ ಪುಸ್ತಕದೊಳಗೆ ಇಟ್ಟುಕೊಂಡು ತಿರುಗಿದೆ. ಮೊದಲು ನಡೆದದ್ದು ಹೇಳುತ್ತೇನೆ, ಆಮೇಲೆ ಬೈಯುತ್ತೇನೆ.

ನನ್ನ ಪಾಳಿ ಬಂದಾಗ ಹನ್ನೊಂದೂವರೆ. ಮೇಜಿನ ಹಿಂದೆ ಐವತ್ತರ ಆಸುಪಾಸಿನ ಹೆಣ್ಣುಮಗಳು, ದಪ್ಪ ಕನ್ನಡಕ. ಕಾಗದಗಳನ್ನು ಸರಸರ ತಿರುವಿ ಎಲ್ಲದಕ್ಕೂ ಟಿಕ್ ಹಾಕಿದರು. ಸಹಿಯ ಹಾಳೆ ನನ್ನ ಕಡೆ ಸರಿಸಿದರು.

"ಒಂಬತ್ತನೇ ಕಾಲಂ ತಪ್ಪೈತ್ರಿ," ಎಂದೆ.

"ಏನ್ ತಪ್ಪು? ಟಿ.ಸಿ., ಸರ್ಟಿಫಿಕೇಟು, ಎಲ್ಲಾ ಹೊಂದತೈತಿ."

"ನಾನು ಕ್ರಿಶ್ಚನ್ ಇದ್ದೇನ್ರಿ."

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಯಾರ್ ಕೇಳಿದ್ರವ್ವಾ ನಿನ್ನ?"

"ಯಾರೂ ಕೇಳಿಲ್ರಿ."

"ಮತ್ಯಾಕ ಹೇಳ್ತಿ? ನಿನ್ನ ಹಿಂದ ಎಂಬತ್ತು ಮಂದಿ ಪಾಳಿ ಹಚ್ಯಾರ. ಹೊರಗ ಹೋಗಿ ಒಂದು ಚಾ ಕುಡಿದು ಬಾ. ತಲಿ ತಣ್ಣಗಾಗ್ಲಿ. ನಾ ಏನೂ ಕೇಳಿಸ್ಕೊಂಡಿಲ್ಲ."

ಕೆಟ್ಟವರಲ್ಲ ಅವರು. ಒಬ್ಬ ಅಕ್ಕ ತಂಗಿಗೆ ಹೇಳುವ ಹಾಗೆ ಹೇಳಿದರು. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಹೊರಗೆ ಬೇವಿನ ಮರದ ಕೆಳಗೆ ಕೂತು ಚಹಾ ಕುಡಿದೆ. ಪ್ರಾರ್ಥಿಸಲಿಲ್ಲ. ಅವ್ವನ ಕೈ ನೆನೆಸಿಕೊಂಡೆ. ಕಾಯಂ ಕೆಲಸವಾದರೆ ಅವಳನ್ನು ಅಡತಿಯಿಂದ ಬಿಡಿಸಬಹುದು. ನಿಮ್ಮನ್ನೂ ನೆನೆಸಿಕೊಂಡೆ. ಪಾದ್ರಿಯೇ ಸುಳ್ಳು ಹೇಳಬಹುದಾದರೆ ನನ್ನದೇನು ಎಂದುಕೊಂಡೆ. ಸತ್ಯ ಹೇಳುತ್ತೇನೆ, ತಿರುಗಿ ಒಳಗೆ ಹೋಗುವಾಗ ನಾನು ಸಹಿ ಹಾಕುವುದೆಂದೇ ನಿರ್ಧರಿಸಿದ್ದೆ.

ಪೆನ್ನು ಹಿಡಿದೆ. ಹೆಸರಿನ ಮೊದಲ ಅಕ್ಷರ ಬರೆದೆ. ಕೈ ನಿಂತಿತು. ಯಾವ ವಚನವೂ ನೆನಪಾಗಲಿಲ್ಲ, ಯಾವ ಧ್ವನಿಯೂ ಕೇಳಲಿಲ್ಲ. ನೆನಪಾದದ್ದು ಬಸ್ ಸ್ಟ್ಯಾಂಡಿನಲ್ಲಿ ಮುತ್ತುರಾಜ ಎರಡೂ ಕಡೆ ನೋಡಿದ್ದು. ಹನ್ನೊಂದು ವರ್ಷದ ಮೇಲೂ ಆ ಮಾತು ಹೇಳುವ ಮೊದಲು ಅವನು ಎರಡೂ ಕಡೆ ನೋಡಬೇಕಾಗಿದೆ. ಸಾಯುವ ತನಕ ನೋಡಬೇಕು. ನನಗೆ ಅದು ಬೇಡವೆನಿಸಿತು. ಇದನ್ನು ವಿಶ್ವಾಸ ಎನ್ನುತ್ತಾರೋ ಹೆದರಿಕೆ ಎನ್ನುತ್ತಾರೋ, ನೀವೇ ಹೇಳಿ.

ಆ ಅಕ್ಷರದ ಮೇಲೆ ಗೆರೆ ಎಳೆದು ಪೆನ್ನು ಇಟ್ಟೆ. ಅವರು ನಿಟ್ಟುಸಿರು ಬಿಟ್ಟು, "ಸುಳ್ಳು ಬರದಿ ಅಂತ ಕೇಸ್ ಆಗಬಾರ್ದು ನೋಡವ್ವಾ. ಆ ಮೀಸಲಾತಿ ನನಗ ಬ್ಯಾಡ ಅಂತ ನೀನ ಬರದು ಕೊಡು," ಎಂದು ಒಂದು ಖಾಲಿ ಹಾಳೆ ಕೊಟ್ಟರು. ಬರೆದು ಕೊಟ್ಟೆ. ಬೇರೆ ಪಟ್ಟಿಯಲ್ಲಿ ನನಗೆ ಮೂರು ಅಂಕ ಕಡಿಮೆ ಬಿದ್ದವು. ಸಿಗಬೇಕಿದ್ದ ಕಾಯಂ ಕೆಲಸ ಹೋಯಿತು.

ಈಗ ನಿಮ್ಮ ಮಾತು. ನೀವು ಒಲೆಗೆ ಹಾಕಿದ್ದು ಬರೀ ಕಾಗದ ಎಂದುಕೊಂಡಿರಾ? ನದಿಯಿಂದ ಎದ್ದು ಬಂದು ಒದ್ದೆ ಸೀರೆಯಲ್ಲೇ ಅವ್ವ ಆ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿದ್ದಳು. ಅವಳ ಹೆಸರನ್ನು ಒಂದು ಒಳ್ಳೆಯ ಕಾರಣಕ್ಕೆ ಯಾರಾದರೂ ಬರೆದಿದ್ದರೆ ಅದು ಅಲ್ಲಿ ಮಾತ್ರ. ನಿಮ್ಮ ಮಗ ಬದುಕಬೇಕಿತ್ತು, ಒಪ್ಪಿದೆ. ಅದಕ್ಕೆ ನಮ್ಮನ್ನು ಯಾಕೆ ಸುಟ್ಟಿರಿ?

ಇದನ್ನು ಅವ್ವನಿಗೆ ಹೇಳಿಲ್ಲ. ಹೇಳಲೂ ಆಗುವುದಿಲ್ಲ, ಏಕೆಂದರೆ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ನೀವು ಬರೆಯಬೇಡಿ. ಸ್ವಲ್ಪ ದಿನ ನನಗೆ ಯಾರ ಅಕ್ಷರವೂ ಬೇಡ.

ವಿಜಯಶ್ರೀ


ಸಿಂದಗಿ
10 ಡಿಸೆಂಬರ್ 2023

ವಿಜಯಶ್ರೀಗೆ,

ಬರೆಯಬೇಡಿ ಎಂದು ನೀನು ಹೇಳಿದ್ದೆ. ನಾಲ್ಕು ತಿಂಗಳು ಬರೆಯಲಿಲ್ಲ. ಇದನ್ನು ಬೇರೆಯವರಿಂದ ಕೇಳುವ ಮೊದಲು ನನ್ನಿಂದಲೇ ನಿನಗೆ ತಿಳಿಯಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ನವೆಂಬರ್ ಹತ್ತೊಂಬತ್ತರ ಭಾನುವಾರ ಇಂಡಿಯ ಸಭೆಗೆ ಹೋದೆ. ಮೂರು ಹಾಳೆ ಬರೆದುಕೊಂಡು ಹೋಗಿದ್ದೆ. ನನ್ನಿಂದ ಗಟ್ಟಿಯಾಗಿ ಓದಲು ಆಗುವುದಿಲ್ಲವಲ್ಲ, ಸಭೆಯ ಹಿರಿಯ ಕಾಂತುವಿನ ಕೈಗೆ ಕೊಟ್ಟೆ. ಆತ ಮೊದಲ ಹಾಳೆ ಓದಿ ನಿಲ್ಲಿಸಿ, "ಅಯ್ಯನವರ, ಇದನ್ನ ಓದಲೇನ್ರಿ?" ಎಂದು ಕೇಳಿದ. ತಲೆ ಆಡಿಸಿದೆ. ಪೂರ್ತಿ ಓದಿದ. ಓದುವಷ್ಟು ಹೊತ್ತು ನಾನು ಎಲ್ಲರ ಎದುರು ನಿಂತಿದ್ದೆ. ಬೇರೆಯವನ ಬಾಯಿಂದ ನನ್ನ ಪಾಪ ಕೇಳುವುದು ಹೇಗಿರುತ್ತದೆಂದು ಗೊತ್ತಾಯಿತು.

ಇಬ್ಬರು ಎದ್ದು ಹೋದರು. ಒಬ್ಬ ಮುದುಕ, "ಈಗ್ಯಾಕ ಕೆದರಿದ್ರಿ? ಆರಿದ ಬೂದಿ," ಎಂದ. ಸೀತವ್ವ ಹಿಂದಿನ ಸಾಲಿನಲ್ಲಿದ್ದಳು. ಹೋಗುವಾಗ ನನ್ನ ಮುಂದೆ ನಿಂತು ಹೆಬ್ಬೆರಳು ಚಾಚಿದಳು.

ರಿಜಿಸ್ಟರಿನಲ್ಲಿ ಹೊಸ ಹಾಳೆ ಅಂಟಿಸಿದ್ದೇವೆ. ಹದಿನಾಲ್ಕರಲ್ಲಿ ಹನ್ನೊಂದು ಹೆಸರು ನೆನಪಾದವು. ಮೂರು ಯಾರೆಂದು ಎಷ್ಟು ತಿಣುಕಿದರೂ ಬರುತ್ತಿಲ್ಲ. ನನ್ನ ಕೈಯಾರೆ ನೀರಲ್ಲಿ ಮುಳುಗಿಸಿ ಎತ್ತಿದ ಮೂವರು. ಅವರ ಜಾಗ ಖಾಲಿ ಬಿಟ್ಟಿದ್ದೇನೆ.

ಮುತ್ತುರಾಜನ ಹೆಸರನ್ನೂ ಬರೆದೆ. ಮೊದಲೇ ಅವನಿಗೆ ತಿಳಿಸಿದ್ದೆ. ಬೇಡ ಎಂದು ಕಾಲು ಹಿಡಿದ. ಅವನ ಕೆಲಸ ಉಳಿಯುತ್ತದೋ ಹೋಗುತ್ತದೋ ಗೊತ್ತಿಲ್ಲ, ಇಲ್ಲಿಯ ತನಕ ಯಾರೂ ಅವನನ್ನು ಕೇಳಿಲ್ಲ. ಕೇಳಿದರೆ ಏನು ಹೇಳಬೇಕೆಂಬುದು ಅವನಿಗೆ ಬಿಟ್ಟದ್ದು. ಆದರೆ "ಇಲ್ಲ" ಎಂದ ಮಾತು ನನ್ನದು, ಅದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲೇಬೇಕಿತ್ತು. ಅಂದಿನಿಂದ ಅವನು ಶನಿವಾರ ಬರುವುದು ನಿಲ್ಲಿಸಿದ್ದಾನೆ. ಸೌಂದರ್ಯಾ ಊಟ ತಂದಿಟ್ಟು ಹೋಗುತ್ತಾಳೆ, ಪಾಟಿಯ ಮೇಲೆ ಬರೆದದ್ದನ್ನು ಓದುವುದಿಲ್ಲ.

ನೀನು ಕೇಳಿದ್ದೆ, ವಿಶ್ವಾಸವೋ ಹೆದರಿಕೆಯೋ ಎಂದು. ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಹೇಳುತ್ತಿದ್ದ ಕಾಲ ಮುಗಿಯಿತು. ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಿಲ್ಲ. ಮಗನ ಚಪ್ಪಲಿಯ ಸಪ್ಪಳ ಕೇಳಲೆಂದು ಶನಿವಾರ ಬಾಗಿಲು ತೆರೆದಿಟ್ಟುಕೊಂಡು ಕೂರುತ್ತೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೊಡಲೇಬೇಕೆಂದು ನಾನೇ ನಿನಗೆ ಕಲಿಸಿದ್ದೇನೆ, ಅದು ಒತ್ತಾಯವಾಗುತ್ತದೆ.

ಗುರುನಾಥ


ಮುದ್ದೇಬಿಹಾಳ
9 ಜೂನ್ 2024

ಅಯ್ಯನವರಿಗೆ,

ಆರು ತಿಂಗಳು ಉತ್ತರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಬರೀ ಸಿಟ್ಟೇ ಬರುತ್ತಿತ್ತು. ಈಗಲೂ ಹೋಗಿಲ್ಲ. ಆದರೆ ನಿಮ್ಮ ಮೇಲಿನದು ಕಡಿಮೆಯಾಗಿದೆ. ನೀವು ಕೇಳದೆ ಇದ್ದದ್ದನ್ನು ಕೊಟ್ಟಿದ್ದೇನೆ ಎಂದು ತಿಳಿಯಿರಿ.

ಈ ವಾರ ನಮ್ಮ ಸಾಲಿಗೆ ಕಾಯಂ ಶಿಕ್ಷಕಿ ಬಂದರು. ಹೊಸ ನೇಮಕಾತಿಯವರು. ಕಾಯಂ ಬಂದ ಮೇಲೆ ಅತಿಥಿಗೆ ಏನು ಕೆಲಸ? ಹೆಡ್ ಮಾಸ್ತರು ಮುಖ ಸಣ್ಣ ಮಾಡಿಕೊಂಡು, "ನಿಮ್ಮ ಹೆಸರು ಬ್ಯಾರೆ ಸಾಲಿಗೆ ಹೇಳ್ತೇನ್ರಿ ಬಾಯಾರ," ಎಂದರು. ಆ ಮಾತು ನನಗೆ ಗೊತ್ತಿದ್ದದ್ದೇ.

ಅವರ ಹೆಸರು ಕಾಶಿಬಾಯಿ. ಬಸವನ ಬಾಗೇವಾಡಿಯ ಹತ್ತಿರದ ಒಂದು ತಾಂಡಾದವರು, ನಾನಿದ್ದ ಪರಿಶಿಷ್ಟ ಜಾತಿಯ ಪಟ್ಟಿಯವರೇ, ಇಪ್ಪತ್ತಾರು ಇರಬಹುದು. ತಂದೆ ಟ್ರಂಕು ಹೊತ್ತುಕೊಂಡು ಬಂದಿದ್ದ. ಸಾಲಿಯ ಹೊಸ್ತಿಲು ಮುಟ್ಟಿ ಹಣೆಗೆ ಒತ್ತಿಕೊಂಡು, ನನ್ನನ್ನೇ ಅಧಿಕಾರಿ ಎಂದು ತಿಳಿದು ಕೈ ಮುಗಿದ. "ನಮ್ಮ ತಾಂಡಾದಾಗ ಸರಕಾರಿ ಸಾಲಿ ಕಲಿಸಾಕ ಹೊಂಟ ಮೊದಲನೇ ಮಗಳ್ರಿ ಈಕಿ," ಎಂದ.

ಅಯ್ಯನವರೇ, ಆಗ ನನಗೆ ಒಂದು ಮಾತು ಬಾಯಿ ತನಕ ಬಂತು. ಪಟ್ಟಿಯಲ್ಲಿ ನಿಮ್ಮದು ಎಷ್ಟನೇ ನಂಬರು ಎಂದು ಕೇಳಬೇಕೆನಿಸಿತು. ನಾನು ಬಿಟ್ಟ ಜಾಗಕ್ಕೆ ಹಿಂದಿನವರು ಒಬ್ಬರು ಮುಂದೆ ಬಂದಿರಲೇಬೇಕು. ಅದು ಈಕೆಯೇ ಇದ್ದರೆ? ನಂಬರು ಕೇಳಿದ್ದರೆ ತಿಳಿದುಬಿಡುತ್ತಿತ್ತು. ಇದು ನನ್ನದಾಗಿತ್ತು, ನಾನೇ ಬಿಟ್ಟೆ ಎಂದು ಅವಳಿಗೆ ಒಮ್ಮೆ ಹೇಳಿದರೆ ಸಾಕು, ಇಡೀ ವರ್ಷದ ಉರಿ ಆರುತ್ತಿತ್ತು. ಅವಳ ಕುರ್ಚಿಯ ಮೇಲೆ ನನ್ನ ಋಣ ಸದಾ ಕೂತಿರುತ್ತಿತ್ತು. ಕಳೆದ ವರ್ಷ ಸಹಿ ಹಾಕುವ ಆಸೆಗಿಂತ ಈ ಆಸೆ ದೊಡ್ಡದಿತ್ತು.

ಕೇಳಲಿಲ್ಲ. ಹಾಜರಿ ಪುಸ್ತಕ ಕೊಟ್ಟೆ. ಜಾಸ್ಮಿನಳಿಗೆ ಎಡಗಿವಿ ಕೇಳುವುದಿಲ್ಲ, ಬಲಗಡೆ ನಿಂತು ಮಾತಾಡಿರಿ ಎಂದೆ. ಚಂದ್ರಾಮ ಓದು ಬಾರದಿದ್ದರೆ ನಗುತ್ತಾನೆ, ಅದು ಉದ್ಧಟತನವಲ್ಲ, ನಾಚಿಕೆ, ಹೊಡೆಯಬೇಡಿ ಎಂದೆ. ಅವಳು ಎಲ್ಲವನ್ನೂ ಒಂದು ವಹಿಯಲ್ಲಿ ಬರೆದುಕೊಂಡಳು. ಅಕ್ಷರ ಚೆನ್ನಾಗಿದೆ. ಒಳ್ಳೆಯ ಶಿಕ್ಷಕಿಯಾಗುತ್ತಾಳೆ. ಅದೂ ಒಂದು ಸಿಟ್ಟೇ ನನಗೆ.

ನಿನ್ನೆ ಅವ್ವ ಬಂದಳು. ಹತ್ತು ತಿಂಗಳಲ್ಲಿ ಮೊದಲ ಸಲ. ಕೋಣೆಯೊಳಗೆ ಬಂದು ಕೂಡಲಿಲ್ಲ, ನನ್ನ ಪಾತ್ರೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಮೆಹರಾಜಮ್ಮ ಚಹಾ ತಂದು ಕೊಟ್ಟರೂ ನಿಂತೇ ಕುಡಿದಳು. ಲೋಟ ಕೆಳಗಿಟ್ಟು ಅಂದಳು:

"ನೀ ಮಾಡಿದ್ದು ಖರೆ ಐತಿ."

ನಾನು ತೊಳೆದಿಟ್ಟಿದ್ದ ತಟ್ಟೆಯನ್ನು ಅವಳ ಕೈಗೆ ಕೊಟ್ಟೆ.

"ಖರೇನ ಐತಿ. ಅದಕ್ಕ ಸಿಟ್ಟು ಬರ್ತೈತಿ ನನಗ. ತಪ್ಪಿದ್ರ ನಾಲ್ಕು ಬೈದು ಸುಮ್ಮನಾಗ್ತಿದ್ನಿ."

ನಾಳೆ ಇಬ್ಬರೂ ಇಂಡಿಗೆ ಹೋಗುತ್ತೇವೆ. ಬೇರೆ ಸಾಲಿಯಿಂದ ಕರೆ ಬರುವ ತನಕ ನಾನೂ ಅವಳ ಜೊತೆ ನಿಂಬೆಹಣ್ಣು ಆರಿಸುತ್ತೇನೆ. ಆ ಇನ್ನೊಂದು ಬಾಗಿಲು ಇದೇ ಎಂದು ನೀವು ಬರೆದರೆ ಮಾತ್ರ ನಿಮಗೆ ಮತ್ತೆ ಪತ್ರ ಬರೆಯುವುದಿಲ್ಲ.

ಮುತ್ತುರಾಜ ಬಂದನೇ? ಬರದಿದ್ದರೆ ಅವನಿಗೆ ನಾನೊಂದು ಕಾಗದ ಬರೆಯಲೇ? ಉಪದೇಶ ಏನೂ ಬರೆಯುವುದಿಲ್ಲ. ಅಪ್ಪ ಶನಿವಾರ ಬಾಗಿಲು ತೆರೆದಿಟ್ಟುಕೊಂಡು ಕೂರುತ್ತಾನೆ ಎಂದಷ್ಟೇ.

ಇವತ್ತು ಭಾನುವಾರ. ಇಲ್ಲಿಯ ಸಣ್ಣ ಸಭೆಗೆ ಹೋಗಿದ್ದೆ. ಎಲ್ಲರೂ ಹಾಡಿದರು, ನಾನು ಹಾಡಲಿಲ್ಲ. ಪ್ರಾರ್ಥನೆಯ ಹೊತ್ತಿಗೆ ಕಣ್ಣು ಮುಚ್ಚಿ ದೇವರಿಗೆ ಬೈದೆ. ಹದಿನೇಳು ವರ್ಷದ್ದನ್ನೆಲ್ಲ ಒಂದೊಂದಾಗಿ ತೆಗೆದು ಬೈದೆ. ಬೈದು ಮುಗಿದಾಗ ಸಭೆ ಬಿಟ್ಟಿತ್ತು, ಎಲ್ಲರೂ ಮನೆಗೆ ಹೋಗಿದ್ದರು. ನಾನು ಎದ್ದು ಹೋಗಲಿಲ್ಲ. ಅಲ್ಲೇ ಕೂತು ಈ ಪತ್ರ ಬರೆಯುತ್ತಿದ್ದೇನೆ.

ವಿಜಯಶ್ರೀ